ಕೇಳಿ ಕಲಿಯುವುದು ಕೀಳಲ್ಲ

ಐವತ್ತರ ಹರೆಯ ಸಮೀಪಿಸಿದ ಮೇಲೆ ಹೊಸ ಉದ್ಯೋಗಕ್ಕೆ ಸೇರಬೇಕಾಗಿ ಬರುವುದು ನಮ್ಮ ಕರಾವಳಿಯ ಕುಟುಂಬಗಳಲ್ಲಿ ಅಪರೂಪದ ಸಂಗತಿಯಲ್ಲ. ಕೊಲ್ಲಿ ರಾಷ್ಟ್ರಗಳಲ್ಲಿ ದೀರ್ಘಕಾಲ ದುಡಿದು ಮರಳಿದವರು, ಮುಚ್ಚಿಹೋದ ಹೆಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆದವರು, ನಷ್ಟವಾಗಿ ಅಂಗಡಿಯ ಬಾಗಿಲು ಹಾಕಿದವರು, ಪತಿಯ ಅನಾರೋಗ್ಯದಿಂದ ಮೊದಲ ಬಾರಿಗೆ ಕಚೇರಿಯ ಮೆಟ್ಟಿಲೇರಿದ ತಾಯಂದಿರು ನಮ್ಮ ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಇದ್ದಾರೆ. ಕೆಲಸ ದೊರೆತ ದಿನ ಮನೆಯಲ್ಲಿ ಸಮಾಧಾನದ ಉಸಿರು. ಆದರೆ ಮರುದಿನವೇ ಬೇರೆ ಚಿಂತೆಗಳು ಆರಂಭವಾಗುತ್ತವೆ. ಸಂಬಳ ಬರುವುದು ತಿಂಗಳ ಕೊನೆಗೆ. ಶಾಲೆಯ ಶುಲ್ಕ, ಸಾಲದ ಕಂತು ಬರುವುದು ಅದಕ್ಕಿಂತ ಮೊದಲು. ಜೊತೆಗೆ ಮೇಜಿನ ಮೇಲೊಂದು ಕಂಪ್ಯೂಟರ್. ಅದು ಕೇಳುವ ಪ್ರಶ್ನೆಗಳಿಗೆ ಉತ್ತರ ತಿಳಿಯದೆ ಕೈ ನಡುಗುತ್ತದೆ.

ಹಣದ ಅಡಚಣೆ, ಹೊಸ ಕೆಲಸ, ಕಂಪ್ಯೂಟರಿನ ಕಾಟ, ಈ ಮೂರೂ ಬೇರೆ ಬೇರೆ ಸಮಸ್ಯೆಗಳೆಂದು ತೋರಬಹುದು. ಆದರೆ ಇವುಗಳನ್ನು ಒಟ್ಟಿಗೆ ಕಟ್ಟಿ ಕೊರಳಿಗೆ ಬಿಗಿಯುವ ಹಗ್ಗವೊಂದಿದೆ. ಅದು ನಾಚಿಕೆ. ಕಿರಿಯರಲ್ಲಿ ಕೇಳಲು ನಾಚಿಕೆ, ಮಡದಿಯ ಮುಂದೆ ಸಾಲದ ಮಾತೆತ್ತಲು ನಾಚಿಕೆ, ಮೋಸಹೋದೆನೆಂದು ದೂರು ಕೊಡಲು ನಾಚಿಕೆ. ಕೊರತೆಗಿಂತಲೂ ಕೊರತೆಯನ್ನು ಮುಚ್ಚಿಡುವ ಈ ಸ್ವಭಾವವೇ ಅನೇಕ ಕುಟುಂಬಗಳನ್ನು ಮುಳುಗಿಸುತ್ತಿದೆ ಎಂಬುದು ನನ್ನ ದೃಢ ಅಭಿಪ್ರಾಯ.

ಹದಿಮೂರನೆಯ ಶತಮಾನದ ಮಹಾ ತತ್ತ್ವಜ್ಞಾನಿ ಸಂತ ಥಾಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣವನ್ನು ವಿಶ್ಲೇಷಿಸುವಾಗ ಅದಕ್ಕೆ ಎಂಟು ಅಂಗಗಳನ್ನು ಹೇಳಿದ್ದಾರೆ. ನೆನಪು, ಮುಂದಾಲೋಚನೆ, ಎಚ್ಚರಿಕೆ ಮೊದಲಾದವುಗಳೊಂದಿಗೆ ಕಲಿಯುವ ವಿಧೇಯತೆಗೂ ಅಲ್ಲಿ ಸ್ಥಾನವಿದೆ. ಬದುಕಿನ ಸಂದರ್ಭಗಳು ಲೆಕ್ಕವಿಲ್ಲದಷ್ಟು ಬಗೆಯವು. ಅವೆಲ್ಲವನ್ನೂ ಒಬ್ಬನೇ ಅರಿಯಲಾರ. ಆದುದರಿಂದ ಪಂಡಿತನೂ ಇತರರಿಂದ ಕಲಿಯಲು ಸಿದ್ಧನಿರಬೇಕು ಎಂಬುದು ಅವರ ವಾದದ ಸಾರ. ಅಂದರೆ ಕೇಳಿ ತಿಳಿದುಕೊಳ್ಳುವುದು ಅಜ್ಞಾನದ ಗುರುತಲ್ಲ, ವಿವೇಕದ ಒಂದು ಭಾಗ.

ಉದ್ಯೋಗದ ವಿಷಯಕ್ಕೆ ಬರೋಣ. ಹತ್ತಾರು ವರ್ಷ ಕೈಯಿಂದ ಖಾತೆ ಪುಸ್ತಕ ಬರೆದವರು ಟ್ಯಾಲಿಯ ಮುಂದೆ ಕುಳಿತಾಗ ತಮಗೇನೂ ಬಾರದೆಂದು ಕುಗ್ಗುತ್ತಾರೆ. ಆದರೆ ಪ್ರತಿಯೊಂದು ವ್ಯವಹಾರವನ್ನೂ ಜಮೆ ಮತ್ತು ಖರ್ಚು ಎಂದು ಎರಡು ಕಡೆ ಬರೆಯುವ ಪದ್ಧತಿಯನ್ನು ಲೂಕಾ ಪಚೋಲಿ ಎಂಬ ಫ್ರಾನ್ಸಿಸ್ಕನ್ ಸನ್ಯಾಸಿ ವೆನಿಸ್ ನಗರದಲ್ಲಿ 1494ರಲ್ಲಿಯೇ ಮುದ್ರಿತ ಗ್ರಂಥದಲ್ಲಿ ವಿವರಿಸಿದ್ದರು. ಇಂದಿನ ಯಂತ್ರದೊಳಗೆ ನಡೆಯುತ್ತಿರುವುದೂ ಅದೇ ಪದ್ಧತಿ. ಲೆಕ್ಕದ ಮರ್ಮ ನಿಮಗೆ ಗೊತ್ತಿದೆ. ಹೊಸದಾಗಿರುವುದು ಕೀಲಿಗಳ ಜಾಗ ಮಾತ್ರ. ಅದನ್ನು ಪಕ್ಕದ ಮೇಜಿನ ಹುಡುಗಿಯನ್ನು ಕೇಳಿ, ಒಂದು ಸಣ್ಣ ಪುಸ್ತಕದಲ್ಲಿ ಬರೆದಿಟ್ಟುಕೊಂಡು, ದಿನಕ್ಕೆರಡು ಬಾರಿ ಅಭ್ಯಾಸ ಮಾಡಿದರೆ ಭಯ ತಾನಾಗಿ ತಗ್ಗುತ್ತದೆ.

ಯಂತ್ರ ಕೆಡುವುದೂ ಉಂಟು. ಅದಕ್ಕಾಗಿ ದಿನದ ಕೆಲಸದ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಉಳಿಸಿಡುವ ರೂಢಿ ಬೇಕು. ಕೆಟ್ಟಾಗ ಬಲ್ಲವರಿಗೆ ಕೂಡಲೇ ತಿಳಿಸಬೇಕು. ಮುಚ್ಚಿಡುವವರು ಗುಟ್ಟಾಗಿ ಯಾವುದೋ ಅಪರಿಚಿತ ದೂರವಾಣಿ ಸಂಖ್ಯೆಗೆ ಕರೆಮಾಡುತ್ತಾರೆ. ಆತ ಹೇಳಿದಂತೆ ತಮ್ಮ ಪರದೆಯನ್ನೇ ಅವನ ಕೈಗೊಪ್ಪಿಸುತ್ತಾರೆ. ಬ್ಯಾಂಕಿನ ಹಣ ಕಳೆದುಕೊಳ್ಳುತ್ತಾರೆ. ಯುಪಿಐ ವ್ಯವಸ್ಥೆಯಲ್ಲಿ ಗುಪ್ತ ಸಂಖ್ಯೆ ಬೇಕಾಗುವುದು ಹಣ ಕೊಡಲಿಕ್ಕೆ, ಹಣ ಪಡೆಯಲಿಕ್ಕಲ್ಲ. ಇದನ್ನು ಮನೆಮಂದಿಯೆಲ್ಲ ನೆನಪಿಡಬೇಕು. ಹಾಗೆಯೇ ಕೆಲಸ ಕೊಡಿಸುವ ಮೊದಲೇ ಠೇವಣಿ ಕೇಳುವವರನ್ನು ದೂರವಿಡಬೇಕು. ಮೋಸ ನಡೆದೇಹೋದರೆ 1930 ಸಂಖ್ಯೆಗೆ ಕರೆಮಾಡಬೇಕು, ತಮ್ಮ ಬ್ಯಾಂಕಿಗೂ ತಿಳಿಸಬೇಕು. ಕಳ್ಳರು ಹಣವನ್ನು ಖಾತೆಯಿಂದ ಖಾತೆಗೆ ಸಾಗಿಸಿ ಹೊರತೆಗೆಯುವ ಮೊದಲೇ ದೂರು ತಲಪಿದರೆ ಅದನ್ನು ತಡೆಹಿಡಿಯಲು ಸಾಧ್ಯವಿದೆ. ನಾಚಿಕೆಯಲ್ಲಿ ಕಳೆದ ಪ್ರತಿಯೊಂದು ಗಂಟೆಯೂ ಕಳ್ಳನ ಲಾಭ.

ಇನ್ನು ಹಣದ ಚಿಂತೆ. ಯಾರಿಗೂ ತಿಳಿಯದಿರಲೆಂದು ಕೆಲವರು ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯ ಬಡ್ಡಿಗೆ ಕೈಸಾಲ ಮಾಡುತ್ತಾರೆ. ಮೂರು ಎಂಬುದು ಸಣ್ಣ ಮಾತಿನಂತೆ ಕೇಳಿಸುತ್ತದೆ. ಆದರೆ 50,000 ರೂಪಾಯಿಗೆ ಅದು ತಿಂಗಳಿಗೆ 1,500, ವರ್ಷಕ್ಕೆ 18,000 ರೂಪಾಯಿ. ಅಸಲು ಒಂದು ಪೈಸೆಯೂ ಇಳಿದಿರುವುದಿಲ್ಲ. ಮೊಬೈಲಿನಲ್ಲಿ ನಿಮಿಷದೊಳಗೆ ಸಿಗುವ ಸಾಲವೂ ಇಂಥ ಬಲೆಯಾಗಬಹುದು. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ವೈಯಕ್ತಿಕ ಸಾಲಗಳಿಗೆ ಬ್ಯಾಂಕುಗಳೂ ಹಣಕಾಸು ಸಂಸ್ಥೆಗಳೂ ವಾರ್ಷಿಕ ವೆಚ್ಚದ ದರವನ್ನು ತೋರಿಸುವ ಮುಖ್ಯಾಂಶಗಳ ಪತ್ರವನ್ನು, ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ವಿಧಿಸಿದೆ. ಅದನ್ನು ಕೇಳಿ ಪಡೆಯಿರಿ, ಓದಿದ ಮೇಲೆ ಸಹಿ ಹಾಕಿರಿ. ಎಲ್ಲಕ್ಕಿಂತ ಮೊದಲು ಪತಿಪತ್ನಿಯರು ಜೊತೆಯಾಗಿ ಕುಳಿತು ತಿಂಗಳ ಆದಾಯ, ವೆಚ್ಚ, ಸಾಲಗಳನ್ನು ಒಂದೇ ಹಾಳೆಯಲ್ಲಿ ಬರೆಯಬೇಕು. ಬರೆದ ಸಾಲಕ್ಕೆ ಒಂದು ಅಳತೆಯಿದೆ. ಮುಚ್ಚಿಟ್ಟ ಸಾಲಕ್ಕೆ ಅಳತೆಯೇ ಇಲ್ಲ.

ನಮ್ಮ ಹಿರಿಯರು ಈ ಸತ್ಯವನ್ನು ಅರಿತಿದ್ದರು. ಮಂಗಳೂರಿನ ಕಥೋಲಿಕರು 1912ರಲ್ಲಿ ಸಹಕಾರಿ ಬ್ಯಾಂಕೊಂದನ್ನು ಸ್ಥಾಪಿಸಿದರು. ಸಹಕಾರದ ತಿರುಳೇನು? ತನ್ನ ಅಗತ್ಯವನ್ನು ನೆರೆಯವನ ಮುಂದೆ ಹೇಳಿಕೊಳ್ಳುವ ಧೈರ್ಯ, ನೆರೆಯವನ ಅಗತ್ಯವನ್ನು ಗೌರವದಿಂದ ಕೇಳುವ ಮನಸ್ಸು.

“ಕೇಳಿದರೆ ಜನ ನಗುತ್ತಾರೆ, ಫಾದರ್” ಎನ್ನುವವರಿದ್ದಾರೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಕೇಳುವವನ ನಾಚಿಕೆಗೆ ಎಷ್ಟೋ ವೇಳೆ ಉತ್ತರಿಸುವವನ ನಗುವೇ ಕಾರಣ. ಆದುದರಿಂದ ಹೊಣೆ ಎರಡು ಕಡೆಗೂ ಇದೆ. ತಂದೆ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದಾಗ ಮಗ ಸಿಡುಕಬಾರದು. ಅಕ್ಷರ ಕಲಿಸುವಾಗ ತಂದೆ ನೂರು ಸಲ ತಾಳಿಕೊಂಡಿದ್ದರು. ವಾಳೆಯ ಗುರಿಕಾರರು, ಯುವಜನರು ವಾರಕ್ಕೊಂದು ಸಂಜೆ ಇಗರ್ಜಿಯ ಸಭಾಂಗಣದಲ್ಲಿ ಹಿರಿಯರಿಗೆ ಕಂಪ್ಯೂಟರ್ ಹೇಳಿಕೊಡಲು ಮುಂದಾದರೆ ಅದಕ್ಕೆ ಹೆಚ್ಚಿನ ವೆಚ್ಚವೇನೂ ತಗಲದು.

ಹನ್ನೆರಡರ ಹರೆಯದ ಯೇಸು ಜೆರುಸಲೇಮಿನ ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಕೇಳುತ್ತಲೂ ಪ್ರಶ್ನಿಸುತ್ತಲೂ ಇದ್ದರೆಂದು ಸಂತ ಲೂಕರು ದಾಖಲಿಸಿದ್ದಾರೆ. ಅವರಿಗೆ ಅವಮಾನವೆನಿಸದ ಪ್ರಶ್ನೆ ನಮಗೇಕೆ ಅವಮಾನವಾಗಬೇಕು? ಈ ವಾರ ನಿಮ್ಮ ಮನಸ್ಸಿನಲ್ಲಿ ಮುಚ್ಚಿಟ್ಟ ಚಿಂತೆ ಯಾವುದಿದ್ದರೂ ಮನೆಯ ಒಬ್ಬರೊಡನೆಯಾದರೂ ಬಾಯಿಬಿಟ್ಟು ಹೇಳಿರಿ. ಪರಿಹಾರ ಅಂದೇ ಸಿಗಲಾರದು. ಆದರೆ ಹೊರುವವರು ಇಬ್ಬರಾಗುತ್ತಾರೆ.