ವಿಹಾರನೌಕೆಯ ಬ್ಯಾಟರಿ

ವಿಹಾರನೌಕೆಯೆಂದರೆ ಸಿರಿವಂತರ ವಿನೋದ. ಅದರ ಬ್ಯಾಟರಿಯ ಚಿಂತೆ ಸರ್ಕಾರಿ ಕಾಲೇಜಿನವರಾದ ನಮಗೇಕೆ ಎಂದು ಮಿತ್ರರು ನಗಬಹುದು. ನಗಲಿ. ನಮ್ಮಲ್ಲಿ ಎಷ್ಟೋ ಮನೆಗಳ ಮೂಲೆಯಲ್ಲಿ ಇನ್ವರ್ಟರಿನ ಬ್ಯಾಟರಿಯೊಂದು ಕುಳಿತಿರುತ್ತದೆ. ಅದರಲ್ಲಿ ಹೊಗೆ ಕಂಡರೆ ಮಕ್ಕಳನ್ನೆತ್ತಿಕೊಂಡು ಬೀದಿಗೆ ಓಡಬಹುದು. ನೌಕೆಗೆ ಬೀದಿಯೆಂಬುದಿಲ್ಲ. ದಡದ ಮೇಲೆ ಸಣ್ಣ ಅವಘಡವಾಗಿ ಮುಗಿಯತಕ್ಕದ್ದು ನೀರಿನ ಮೇಲೆ ಜೀವಹಾನಿಯಾದೀತು. ಆದುದರಿಂದ ನೌಕೆಯಲ್ಲಿ ಬ್ಯಾಟರಿಯನ್ನು ಬರಿಯ ಸಾಮಾನೆಂದು ಎಣಿಸದೆ ಇಂಧನವೆಂದೇ ಎಣಿಸಬೇಕೆಂಬುದು ನನ್ನ ಅಭಿಪ್ರಾಯ.

ಪೆಟ್ರೋಲಿಗೆ ಜನ ಅಂಜುತ್ತಾರೆ, ಏಕೆಂದರೆ ಅದಕ್ಕೆ ವಾಸನೆಯಿದೆ. ಅಮೆರಿಕದ ಕಾನೂನಿನಂತೆ, ಮುಚ್ಚಿದ ಕೋಣೆಯಲ್ಲಿ ಪೆಟ್ರೋಲ್ ಎಂಜಿನ್ ಉಳ್ಳ ದೋಣಿಗೆ ಗಾಳಿಯಂತ್ರವಿರಬೇಕು. ಎಂಜಿನ್ ಚಾಲೂ ಮಾಡುವ ಮುನ್ನ ಅದನ್ನು 4 ನಿಮಿಷವಾದರೂ ನಡೆಸಬೇಕೆಂಬ ಎಚ್ಚರಿಕೆಯ ಫಲಕವೂ ಇರಬೇಕು. ಹಳೆಯ ಸೀಸದ ಬ್ಯಾಟರಿಯಾದರೋ ಚಾರ್ಜು ತುಂಬುತ್ತ ಬಂದಾಗ ಜಲಜನಕವನ್ನು ಬಿಡುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗಾಳಿಯಲ್ಲಿ ಶೇಕಡ 4ರಷ್ಟು ಸೇರಿದರೆ ಸಾಕು, ಒಂದು ಸ್ವಿಚ್ಚಿನ ಕಿಡಿಗೆ ಹೊತ್ತಿಕೊಳ್ಳುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾಗಿ ತಳದಲ್ಲಿ ನಿಲ್ಲುವುದು; ಜಲಜನಕ ಹಗುರವಾಗಿ ಮೇಲಕ್ಕೇರುವುದು. ತಳದ ಗಾಳಿಯಂತ್ರವನ್ನೇ ನಂಬಿ ಕುಳಿತರೆ ಸಾಲದು. ಬ್ಯಾಟರಿಯ ಪೆಟ್ಟಿಗೆಗೆ ಮೇಲುಗಡೆಯೇ ಕಿಂಡಿ ಬೇಕು.

ಈಗ ಲಿಥಿಯಂ ಬಂದಿದೆ. ಅದರ ವಿಷಯದಲ್ಲಿ ಎರಡು ಪಕ್ಷಗಳು. ಒಂದು ಪಕ್ಷ ಅದನ್ನು ದೋಣಿಗೆ ಸೇರಿಸಲೇಬಾರದೆನ್ನುತ್ತದೆ. ಇನ್ನೊಂದು, ಲಿಥಿಯಂ ಐರನ್ ಫಾಸ್ಫೇಟ್ ಜಾತಿಯದು ಸುಡುವುದೇ ಇಲ್ಲವೆಂದು ಆಣೆ ಇಡುತ್ತದೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಫಾಸ್ಫೇಟಿನ ಕೋಶವು ಕೋಬಾಲ್ಟ್ ಸೇರಿದ ಕೋಶಗಳಿಗಿಂತ ಹೆಚ್ಚು ಶಾಖವನ್ನು ತಾಳಿಕೊಳ್ಳುತ್ತದೆಂಬುದು ನಿಜ. ಆದರೆ ಅತಿಯಾಗಿ ಕಾದು ಒಡೆದರೆ ಅದೂ ಹೊತ್ತಿಕೊಳ್ಳುವ ಅನಿಲಗಳನ್ನೇ ಉಗುಳುತ್ತದೆ. ಅವುಗಳಲ್ಲಿ ಆ ಜಲಜನಕವೂ ಒಂದು. ಮುಚ್ಚಿದ ಕ್ಯಾಬಿನ್ನಿನಲ್ಲಿ ಸ್ಫೋಟಕ್ಕೆ ಇಷ್ಟು ಸಾಲದೆ?

2019ರ ಸೆಪ್ಟೆಂಬರ್ 2ರಂದು, ಬೆಳಗಿನ ಜಾವ 3 ಗಂಟೆ ದಾಟಿದ ಮೇಲೆ, ಕ್ಯಾಲಿಫೋರ್ನಿಯದ ಸಾಂಟಾ ಕ್ರೂಜ್ ದ್ವೀಪದ ಬಳಿ ಲಂಗರು ಹಾಕಿದ್ದ ‘ಕಾನ್ಸೆಪ್ಷನ್’ ಎಂಬ 75 ಅಡಿಯ ನೌಕೆಗೆ ಬೆಂಕಿ ಬಿತ್ತು. ಕಡಲಿನಲ್ಲಿ ಮುಳುಗಿ ಈಜುವ ವಿನೋದಕ್ಕಾಗಿ ಬಂದಿದ್ದ 33 ಪ್ರವಾಸಿಗಳೂ ನೌಕೆಯ ಸಿಬ್ಬಂದಿಯಲ್ಲೊಬ್ಬರೂ ಕೆಳ ಅಂತಸ್ತಿನಲ್ಲಿ ಮಲಗಿದ್ದರು. ಆ 34 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಮೇಲಿನ ಹಜಾರದಲ್ಲಿ ಕ್ಯಾಮೆರಾ, ಟಾರ್ಚು, ಫೋನುಗಳ ಬ್ಯಾಟರಿಗಳನ್ನು ಚಾರ್ಜಿಗೆ ಹಾಕಿದ್ದರು. ಬೆಂಕಿ ಆ ಹಜಾರದ ಹಿಂಭಾಗದಲ್ಲಿ ಹುಟ್ಟಿತೆಂದೂ, ಕಿಡಿ ಯಾವುದರದೆಂದು ನಿರ್ಣಯಿಸಲಾಗದೆಂದೂ ನ್ಯಾಷನಲ್ ಟ್ರಾನ್ಸ್‌ಪೋರ್ಟೇಶನ್ ಸೇಫ್ಟಿ ಬೋರ್ಡ್ 2020ರಲ್ಲಿ ಹೇಳಿತು. ಹಾಗಿರುವಾಗ ಬ್ಯಾಟರಿಯ ತಲೆಗೇ ಅಪರಾಧವನ್ನು ಕಟ್ಟುವುದು ನ್ಯಾಯವಲ್ಲ. ನನ್ನನ್ನು ನೋಯಿಸುವ ಸಂಗತಿ ಬೇರೆ. ಮಲಗುವ ಅಂತಸ್ತಿನಿಂದ ಹೊರಬರಲು ಮೆಟ್ಟಿಲೊಂದು, ತುರ್ತು ಕಿಂಡಿಯೊಂದು, ಹೀಗೆ ಎರಡು ದಾರಿಗಳಿದ್ದವು. ಎರಡೂ ಹೋಗಿ ಸೇರುತ್ತಿದ್ದುದು ಅದೇ ಹಜಾರವನ್ನು! ನಿಯಮದ ಪುಸ್ತಕ ಎರಡು ದಾರಿ ಕೇಳಿತು, ಎರಡು ದಾರಿ ಕೊಟ್ಟರು. ರಾತ್ರಿ ಪಹರೆ ತಿರುಗುವವರೂ ಇರಲಿಲ್ಲ. ನೌಕೆಯ ನಾಯಕನಿಗೆ 2024ರಲ್ಲಿ 4 ವರ್ಷಗಳ ಸೆರೆಯಾಯಿತು. ಕಾವಲಿಲ್ಲದೆ ಲಿಥಿಯಂ ಬ್ಯಾಟರಿಗಳನ್ನು ಚಾರ್ಜು ಮಾಡುವುದನ್ನು ಮಿತಗೊಳಿಸಿರೆಂದು ಅಮೆರಿಕದ ಕೋಸ್ಟ್ ಗಾರ್ಡ್ ಆ ಸೆಪ್ಟೆಂಬರಿನಲ್ಲೇ ಸೂಚನೆ ಹೊರಡಿಸಿತ್ತು. ಪೆಟ್ರೋಲಿನ ಡಬ್ಬಿಯನ್ನು ಮಲಗಿದವರ ದಾರಿಯಲ್ಲಿ ತೆರೆದಿಟ್ಟು ನಿದ್ದೆಹೋಗಲು ಯಾರಿಗೂ ಧೈರ್ಯ ಬಾರದು. ಚಾರ್ಜರಿನ ಹಸಿರು ದೀಪ ಮಾತ್ರ ನಮ್ಮನ್ನು ಜೋಗುಳ ಹಾಡಿ ಮಲಗಿಸುತ್ತದೆ.

ಗಾಳಿಯಾಡಲಿ ಎಂದೊಡನೆ ಕಷ್ಟ ಮುಗಿಯಲಿಲ್ಲ. 2021ರ ಮಾರ್ಚಿಯಲ್ಲಿ ನಾರ್ವೆಯ ಆಸ್ಲೋ ಕೊಲ್ಲಿಯಲ್ಲಿ ‘ಬ್ರಿಮ್’ ಎಂಬ ಪ್ರವಾಸಿ ನೌಕೆಯ ಬ್ಯಾಟರಿ ಕೋಣೆಗೆ ಬೆಂಕಿ ಹತ್ತಿತು. ಗಾಳಿಗಾಗಿ ಇಟ್ಟ ದಾರಿಯಿಂದಲೇ ಕಡಲನೀರು ಒಳಹೊಕ್ಕಿತ್ತೆಂದು ತನಿಖೆಗೆ ಕಂಡುಬಂತು. ಉಪ್ಪುನೀರು ವಿದ್ಯುತ್ತಿಗೆ ಹೆದ್ದಾರಿ. ಧನ ಋಣ ಎರಡು ತುದಿಗಳನ್ನೂ ಬೆಸೆದುಬಿಡುತ್ತದೆ. ಪುಣ್ಯಕ್ಕೆ ಅಂದು ಪ್ರವಾಸಿಗಳಿರಲಿಲ್ಲ. ಇದ್ದ ನಾಲ್ವರು ಸಿಬ್ಬಂದಿ ಪಾರಾದರು. ಗಾಳಿ ಬರಬೇಕು, ನೀರು ಬರಬಾರದು: ಈ ತೊಡಕನ್ನು ನೌಕೆಯ ನಕ್ಷೆ ಬರೆಯುವಾಗಲೇ ಬಿಡಿಸಬೇಕು. ನೌಕೆ ಕಟ್ಟಿ ಮುಗಿದ ಮೇಲೆ ಹಾಸಿಗೆಯಡಿಯ ಖಾಲಿ ಜಾಗ ಹುಡುಕಿ ಬ್ಯಾಟರಿ ತುರುಕುವ ಪದ್ಧತಿಗೆ ನನ್ನ ವಿರೋಧವಿರುವುದು ಇದಕ್ಕೇ.

ನಿಯಮಗಳಿಲ್ಲವೆಂದಲ್ಲ. ಅಮೆರಿಕನ್ ಬೋಟ್ ಅಂಡ್ ಯಾಟ್ ಕೌನ್ಸಿಲ್ 2022ರಲ್ಲಿ ಲಿಥಿಯಂ ಬ್ಯಾಟರಿಗಳಿಗಾಗಿ ಇ-13 ಎಂಬ ಮಾನಕವನ್ನು ಪ್ರಕಟಿಸಿತು. ಅದರಲ್ಲಿ ಒಂದಂಶ ನನಗೆ ಬಹಳ ಮೆಚ್ಚುಗೆಯಾಯಿತು. ಇಂಥ ಬ್ಯಾಟರಿಯೊಳಗೆ, ಅಪಾಯ ಕಂಡೊಡನೆ ಸಂಪರ್ಕವನ್ನು ತಾನೇ ಕಡಿಯುವ ಕಾವಲು ವ್ಯವಸ್ಥೆಯೊಂದಿರುತ್ತದೆ. ಅದು ಒಳ್ಳೆಯದೇ. ಆದರೆ ಬಿರುಗಾಳಿಯ ರಾತ್ರಿ ಸದ್ದಿಲ್ಲದೆ ಕಡಿದರೆ ದೀಪ, ರೇಡಿಯೊ, ಚುಕ್ಕಾಣಿಯ ಯಂತ್ರ ಎಲ್ಲವೂ ಒಮ್ಮೆಗೇ ಸತ್ತುಹೋಗುತ್ತವೆ. ಆದ್ದರಿಂದ ಕಡಿಯುವ ಮುನ್ನ ದೀಪದಿಂದಲೋ ಗಂಟೆಯಿಂದಲೋ ಚಾಲಕನನ್ನು ಎಚ್ಚರಿಸಬೇಕೆಂದು ಮಾನಕ ಹೇಳುತ್ತದೆ. ದುಃಖವೆಂದರೆ, ಈ ಕೌನ್ಸಿಲಿನ ಮಾನಕಗಳು ಐಚ್ಛಿಕ. ಪೆಟ್ರೋಲಿಗೆ ಕಾನೂನು, ಬ್ಯಾಟರಿಗೆ ಸಲಹೆ! ಈ ಭೇದ ಹೋಗಲೇಬೇಕು.

ಖರ್ಚು ಹೆಚ್ಚಾಗುವುದೆಂದು ದೋಣಿಯ ಮಾಲೀಕರು ಗೊಣಗುವುದುಂಟು. ಫ್ಯೂಜು ಸಾಮಾನ್ಯವಾಗಿ ಬ್ಯಾಟರಿಯಿಂದ 7 ಅಂಗುಲದೊಳಗಿರಬೇಕೆಂದು ಅದೇ ಕೌನ್ಸಿಲಿನ ಇನ್ನೊಂದು ಮಾನಕವಿದೆ. ದೂರದಲ್ಲಿಡುವುದನ್ನು ಹತ್ತಿರದಲ್ಲಿಡಲು ಏನು ಮಹಾ ಖರ್ಚು? ದುಬಾರಿ ಲಿಥಿಯಂ ಕೊಂಡವನೇ ಸೀಸಕ್ಕೆಂದು ಮಾಡಿದ ಹಳೆಯ ಚಾರ್ಜರನ್ನೂ ಎಂಜಿನ್ನಿನ ಆಲ್ಟರ್ನೇಟರನ್ನೂ ಹಾಗೆಯೇ ಬಿಡುತ್ತಾನೆ. ಹೊಸ ಬ್ಯಾಟರಿ ಎಳೆದುಕೊಳ್ಳುವಷ್ಟು ವಿದ್ಯುತ್ತನ್ನು ಪೂರೈಸಹೋಗಿ ಆಲ್ಟರ್ನೇಟರು ತಾನೇ ಕಾದು ಸುಟ್ಟುಹೋದೀತು. ಅಂಥವನು ಖರ್ಚಿನ ಮಾತೆತ್ತಿದರೆ ನನಗೆ ಕನಿಕರ ಹುಟ್ಟುವುದಿಲ್ಲ.