ಗಾಡಿ ಸೋವಿ, ಟಾಯರ್ ದುಬಾರಿ: ಹಳೆ ಸೆಡಾನ್ ಕೊಳ್ಳುವ ಮುಂಚೆ ಗಾಲಿ ನೋಡಿ

ರಾಮಥಾಳ: ಎರಡೂವರೆ ಲಕ್ಷಕ್ಕೆ ಹಳೆ ಡಿಜೈರ್ ಸಿಕ್ಕಿತು, ಎಟಿಯೋಸ್ ಸಿಕ್ಕಿತು ಅಂತ ಖುಷಿಯಿಂದ ಮನೆ ಮುಂದೆ ತಂದು ನಿಲ್ಲಿಸುತ್ತಾರೆ. ಎಂಜಿನ್ ಸದ್ದು ಕೇಳಿರುತ್ತಾರೆ, ಎ.ಸಿ. ಹಾಕಿ ನೋಡಿರುತ್ತಾರೆ, ಆರ್‌ಸಿ ಬುಕ್ ತಿರುವಿ ಹಾಕಿರುತ್ತಾರೆ. ಬಗ್ಗಿ ಗಾಲಿ ನೋಡಿದವರು ಮಾತ್ರ ಕಡಿಮೆ. ತಿಂಗಳೊಳಗೆ ಒಂದರ ಹಿಂದೆ ಒಂದು ಟಾಯರ್ ಕೈಕೊಟ್ಟಾಗ ಇಪ್ಪತ್ತು ಸಾವಿರದ ಲೆಕ್ಕ ಎದುರಿಗೆ ಬಂದು ನಿಲ್ಲುತ್ತದೆ.

ನಮ್ಮ ಭಾಗದ ರಸ್ತೆ, ಬಿಸಿಲು ಎರಡೂ ಟಾಯರ್‌ಗೆ ಆಗಿಬರೋದಿಲ್ಲ. ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಹುನಗುಂದ, ಇಳಕಲ್ ದಾಟಿ ಹೊಸಪೇಟೆ ಕಡೆ ಹೊರಟರೆ ಗಾಡಿ ನೂರರ ವೇಗ ಮುಟ್ಟೋದು ಗೊತ್ತೇ ಆಗಲ್ಲ. ಅದೇ ಗಾಡಿ ಊರಿಗೆ ತಿರುಗಿದರೆ ಎರೆ ಹೊಲದ ದಾರಿ, ಚೂಪು ಕಡಿ, ಮೇಲೆ ಬಳ್ಳಾರಿ ಜಾಲಿ ಮುಳ್ಳು. ಇಳಕಲ್ಲಿನ ಗ್ರಾನೈಟ್ ಕ್ವಾರಿಗಳ ಕಡೆ ಓಡಾಡುವವರಿಗೆ ಕಲ್ಲಿನ ಚೂರಿನ ಕಾಟ ಬೇರೆ. ಏಪ್ರಿಲ್, ಮೇದಲ್ಲಿ ಬಿಸಿಲು 40 ಡಿಗ್ರಿ ಮುಟ್ಟಿದಾಗ ಡಾಂಬರು ಅದಕ್ಕಿಂತ ಬಹಳ ಹೆಚ್ಚು ಕಾದಿರುತ್ತದೆ.

ಬೇಸಿಗೆಯಲ್ಲಿ ಟಾಯರ್ ಸಿಡಿಯೋದಕ್ಕೆ ಗಾಳಿ ಹೆಚ್ಚಾಗಿದ್ದೇ ಕಾರಣ ಅನ್ನೋ ನಂಬಿಕೆ ಬಲವಾಗಿದೆ. ಅದಕ್ಕೇ ಎಷ್ಟೋ ಜನ ಬೇಸಿಗೆ ಬಂದರೆ ಗಾಳಿ ಇಳಿಸುತ್ತಾರೆ. ಇದು ಉಲ್ಟಾ ಲೆಕ್ಕ. ಗಾಳಿ ಕಡಿಮೆ ಇದ್ದರೆ ಟಾಯರಿನ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಒಳಗಿಂದ ಕಾಯುತ್ತದೆ. ಅದರ ಮೇಲೆ ಆರು ಮಂದಿ ಕೂತು, ಡಿಕ್ಕಿಯಲ್ಲಿ ಜೋಳದ ಚೀಲ ಇಟ್ಟು ಹೆದ್ದಾರಿ ಹಿಡಿದರೆ ಕತೆ ಮುಗೀತು. ಎಷ್ಟು ಗಾಳಿ ಬೇಕು ಅನ್ನೋದು ಡ್ರೈವರ್ ಬಾಗಿಲಿನ ಕಂಬಕ್ಕೆ ಅಂಟಿಸಿದ ಚೀಟಿಯಲ್ಲೇ ಇರುತ್ತದೆ. ಇಂಥ ಗಾಡಿಗಳಿಗೆ ಸಾಮಾನ್ಯವಾಗಿ 30ರಿಂದ 35ರ ನಡುವೆ. ಬೆಳಿಗ್ಗೆ ಗಾಡಿ ತಣ್ಣಗಿದ್ದಾಗಲೇ ಅಳೆಯಬೇಕು. ಪೆಟ್ರೋಲ್ ಬಂಕಿನಲ್ಲಿ ಗಾಳಿ ಪುಕ್ಕಟೆ ಕೊಡಬೇಕು ಅನ್ನೋ ನಿಯಮವೇ ಇದೆ. ನೈಟ್ರೋಜನ್‌ಗೆ ರೊಕ್ಕ ಕೊಡೋದು ಅವರವರ ಇಷ್ಟ; ಮಾಮೂಲಿ ಗಾಳಿಯಲ್ಲೂ ನೂರಕ್ಕೆ 78 ಪಾಲು ಅದೇ.

ಸವೆತ ನೋಡಿದರೆ ಗಾಡಿಯ ಹಕೀಕತ್ತು ತಿಳಿಯುತ್ತೆ

ಎರಡೂ ಅಂಚು ಸವೆದಿದ್ದರೆ ಹಿಂದಿನ ಮಾಲೀಕ ಕಡಿಮೆ ಗಾಳಿಯಲ್ಲಿ ಓಡಿಸಿದ್ದಾನೆ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು. ಒಂದೇ ಬದಿ ಸವೆದಿದ್ದರೆ ಅಲೈನ್‌ಮೆಂಟ್ ಕೆಟ್ಟಿದೆ, ಇಲ್ಲಾ ಗಾಡಿ ಎಲ್ಲೋ ಜೋರಾಗಿ ಬಡಿದಿದೆ. ಅಲ್ಲಲ್ಲಿ ತಗ್ಗು ಬಿದ್ದಂತೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಮೇಲೆ ಅನುಮಾನ ಪಡಬೇಕು. ಆಗ ಖರ್ಚು ಟಾಯರಿಗೇ ನಿಲ್ಲೋದಿಲ್ಲ. ಪಕ್ಕೆಯಲ್ಲಿ ಗುಳ್ಳೆ ಎದ್ದಿದ್ದರೆ ಒಳಗಿನ ನೂಲು ತುಂಡಾಗಿದೆ ಅಂತ ಅರ್ಥ. ಅದಕ್ಕೆ ರಿಪೇರಿ ಇಲ್ಲ, ತೆಗೆದು ಹಾಕೋದೇ.

ಮೋಸ ಆಗೋದು ವಯಸ್ಸಿನಲ್ಲಿ. ಪಾಲಿಶ್ ಹೊಡೆದ ಟಾಯರ್ ಮಿರಮಿರ ಮಿಂಚುತ್ತದೆ, ಗೀರೂ ಆಳವಾಗೇ ಕಾಣುತ್ತದೆ. ಪಕ್ಕೆಯಲ್ಲಿ ಡಾಟ್ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿ ಹುಡುಕಿ. 2318 ಅಂತ ಇದ್ದರೆ 2018ನೇ ಇಸವಿಯ 23ನೇ ವಾರ ತಯಾರಾದದ್ದು. ಐದಾರು ವರ್ಷ ದಾಟಿದ ರಬ್ಬರು ಗೀರು ಎಷ್ಟೇ ಇದ್ದರೂ ಗಡುಸಾಗಿರುತ್ತದೆ, ಸಣ್ಣ ಬಿರುಕು ಬಿಟ್ಟಿರುತ್ತದೆ. ಮನೆ ಮುಂದೆ ಬಿಸಿಲಲ್ಲಿ ನಿಂತೇ ಇದ್ದ ಗಾಡಿಗೆ ಇದು ಇನ್ನೂ ಬೇಗ. ‘ಕಡಿಮೆ ಓಡಿದ ಗಾಡಿ ಐತ್ರಿ’ ಅನ್ನೋ ಮಾತಿಗೆ ಇಲ್ಲಿ ಬೆಲೆ ಇಲ್ಲ. ಇನ್ನು ಗೀರಿನ ಆಳ 1.6 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಕಾನೂನು ಪ್ರಕಾರವೇ ಕಾರು ರಸ್ತೆಗೆ ಇಳಿಸುವಂತಿಲ್ಲ.

ರೊಕ್ಕದ ಲೆಕ್ಕ

ಟ್ಯೂಬ್‌ಲೆಸ್ ಪಂಕ್ಚರ್‌ಗೆ ಹೊರಗಿಂದ ಬತ್ತಿ ಹಾಕಿಸಿದರೆ ಸುಮಾರು 100ರಿಂದ 150 ರೂಪಾಯಿ. ಟಾಯರ್ ಬಿಚ್ಚಿ ಒಳಗಿಂದ ಪ್ಯಾಚ್ ಹಾಕಿಸಿದರೆ ಅದರ ದುಪ್ಪಟ್ಟು, ಆದರೆ ಬಾಳಿಕೆ ಹೆಚ್ಚು. ಮುಳ್ಳು ಪಕ್ಕೆಗೆ ಚುಚ್ಚಿದ್ದರೆ ಬತ್ತಿ ಹಾಕಿಸಿಕೊಂಡು ಹೆದ್ದಾರಿಗೆ ಹೋಗೋದು ಬ್ಯಾಡ. ರಿಮ್ ಬೆಂಡಾಗಿ ಗಾಳಿ ನಿಲ್ಲದಿದ್ದಾಗ ಟ್ಯೂಬ್‌ಲೆಸ್ ಒಳಗೇ ಟ್ಯೂಬ್ ತುರುಕಿಸುವ ರೂಢಿ ಹಳ್ಳಿ ಕಡೆ ಇದೆ. ಸಣ್ಣ ಖರ್ಚಿನಲ್ಲಿ ಕೆಲಸ ಮುಗಿಯುತ್ತದೆ ನಿಜ. ಆದರೆ ಟ್ಯೂಬ್ ಒಳಗೆ ಉಜ್ಜಿ ಕಾಯುತ್ತದೆ, ಹೋದರೆ ಒಮ್ಮೆಲೇ ಗಾಳಿ ಇಳಿಯುತ್ತದೆ. ರಿಮ್ ನೇರ ಮಾಡಿಸೋದೇ ಲೇಸು.

ಹೊಸ ಟಾಯರ್ ಬ್ರ್ಯಾಂಡು, ಅಂಗಡಿ ನೋಡಿ ಸುಮಾರು ನಾಲ್ಕರಿಂದ ಆರು ಸಾವಿರದ ಆಸುಪಾಸು. ನಾಲ್ಕು ಹಾಕಿಸಿ, ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಸೇರಿಸಿದರೆ ಇಪ್ಪತ್ತು ಸಾವಿರ ಸಲೀಸಾಗಿ ದಾಟುತ್ತದೆ. 2025ರ ಸೆಪ್ಟೆಂಬರ್ 22ರಿಂದ ಕಾರ್ ಟಾಯರ್ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಮೂಲ ಬೆಲೆ 4,000 ಇರುವ ಟಾಯರ್ 5,120ರ ಬದಲು 4,720 ಆಗಬೇಕು, ಅಂದರೆ ನಾಲ್ಕಕ್ಕೆ 1,600 ಉಳಿತಾಯ. ಬಿಲ್ ಕೇಳಿ ಪಡೆದರೆ ಮಾತ್ರ ಇಳಿಕೆ ಕೈಗೆ ಬಂತೋ ಇಲ್ಲವೋ ಗೊತ್ತಾಗೋದು. (ಟ್ರ್ಯಾಕ್ಟರ್ ಟಾಯರ್‌ಗೆ ಇದೇ ದಿನದಿಂದ ಶೇ 5 ಆಗಿದೆ, ರೈತರು ಗಮನಿಸಬೇಕು.)

ಇನ್ಶುರೆನ್ಸ್ ಕೊಡುತ್ತೆ ಅಂತ ಕೂತವರಿಗೂ ನಿರಾಸೆಯೇ. ಮಾಮೂಲಿ ಫುಲ್ ಇನ್ಶುರೆನ್ಸ್‌ನಲ್ಲಿ ಟಾಯರ್ ಒಂದೇ ಸಿಡಿದರೆ ಪರಿಹಾರ ಇಲ್ಲ. ಅದೇ ಅಪಘಾತದಲ್ಲಿ ಗಾಡಿಗೂ ಪೆಟ್ಟಾಗಿದ್ದರೆ ಟಾಯರ್ ಬೆಲೆಯ ಅರ್ಧದವರೆಗೆ ಸಿಗುತ್ತದೆ. ಟಾಯರ್‌ಗೇ ಪ್ರತ್ಯೇಕ ಕವರ್ ಬೇಕಿದ್ದರೆ ಮೇಲೆ ಪ್ರೀಮಿಯಂ ಕಟ್ಟಬೇಕು.

ಹಾಗಾಗಿ ಚೌಕಾಸಿ ಮಾಡುವ ಹೊತ್ತು ಮುಂಗಡ ಕೊಡುವ ಮುಂಚಿನದು. ನಾಲ್ಕರ ವಯಸ್ಸು, ಸವೆತ ತೋರಿಸಿ ಹದಿನೈದು, ಇಪ್ಪತ್ತು ಸಾವಿರ ಕಡಿಮೆ ಕೇಳಿದರೆ ಮಾರುವವರಿಗೂ ಉತ್ತರ ಇರೋದಿಲ್ಲ. ಡಿಕ್ಕಿ ತೆಗೆದು ಸ್ಟೆಪ್ನಿಯ ಅಂಕಿಯನ್ನೂ ಓದಿ, ಗಾಳಿ ಅಳೆಯಿಸಿ. ಜಾಕ್, ಪಾನಾ ಕಾಣದಿದ್ದರೆ ಅವನ್ನೂ ಆಗಲೇ ಕೇಳಿ ಇಸಗೊಳ್ಳಿ.