ಅಶ್ವಹೃದಯಕ್ಕೆ ಹೆಸರು ಕೊಡುವ ಮುನ್ನ

ಕೊಚ್ಚಿಯಲ್ಲಿ ನೆಲೆಸಿರುವ ನಾವು ಕೆಲವು ಕನ್ನಡ ಕುಟುಂಬಗಳು ತಿಂಗಳಿಗೊಮ್ಮೆ ಒಂದೆಡೆ ಸೇರುವುದುಂಟು. ಒಂದು ಪದ್ಯ ಓದುವುದು, ಒಂದು ಪುಸ್ತಕದ ಮಾತು, ಕೊನೆಗೆ ಚಿತ್ರಾನ್ನ. ಇಷ್ಟೇ ನಮ್ಮ ಕಾರ್ಯಕ್ರಮ. ಈ ಸಲದ ಕೂಟದಲ್ಲಿ ಪುಸ್ತಕವನ್ನು ಬದಿಗೆ ಸರಿಸಿ ಚರ್ಚೆಗೆ ಬಂದದ್ದು ಒಂದು ಅರ್ಜಿ ನಮೂನೆ. ನಗರದ ಹೊರವಲಯದ ಕುದುರೆ ಫಾರ್ಮೊಂದರಲ್ಲಿ ಮೂರು ದಿನಗಳ ಡ್ರೆಸ್ಸೇಜ್ ಶಿಬಿರ ನಡೆಯಲಿದೆ. ನಮ್ಮಲ್ಲಿ ಮೂವರ ಮಕ್ಕಳು ಹೆಸರು ಕೊಡಬೇಕೆಂದು ಹಠ ಹಿಡಿದಿದ್ದರು. ಹಿರಿಯರೊಬ್ಬರು, ‘ಕುದುರೆ ಕಂಡರೆ ಕಾಲು ನೋವು ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ, ನಡೆಯಲು ಬಾರದವರ ಮನೆಯಲ್ಲಿ ಸವಾರಿಯ ಮಾತೇ?’ ಎಂದು ನಕ್ಕರು. ನಗೆಯ ಹಿಂದೆ ಒಂದು ಪ್ರಶ್ನೆಯಿತ್ತು. ನಮಗೇಕೆ ಈ ಕುದುರೆಯ ಉಸಾಬರಿ?

ಹೆಸರು ಕೊಡಬೇಕು ಎಂಬುದೇ ನಮ್ಮ ಅಭಿಪ್ರಾಯ. ಆದರೆ ಹೆಸರು ಕೊಡುವ ಮುನ್ನ ಏನನ್ನು ಕಲಿಯಲು ಹೋಗುತ್ತಿದ್ದೇವೆ, ಯಾರಿಂದ ಕಲಿಯುತ್ತೇವೆ, ಯಾರ ಬೆನ್ನಿನ ಮೇಲೆ ಕೂತು ಕಲಿಯುತ್ತೇವೆ ಎಂಬ ಮೂರನ್ನೂ ಕೇಳಿಕೊಳ್ಳದೆ ಕೊಡಬಾರದು. ಇದನ್ನು ಬರೆಯುವ ಹಕ್ಕು ನಮಗೆ ಬಂದದ್ದು ಒಂದು ತಪ್ಪಿನಿಂದ. ಅದನ್ನು ಮುಂದೆ ಹೇಳುತ್ತೇವೆ.

ಡ್ರೆಸ್ಸೇಜ್ ಎಂಬುದು ಫ್ರೆಂಚ್ ಮೂಲದ ಮಾತು. ಪಳಗಿಸುವುದು, ತರಬೇತುಗೊಳಿಸುವುದು ಎಂದು ಅದರ ಅರ್ಥ. ಅರವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲದ ಅಂಗಳ. ಅದರ ಅಂಚಿನಲ್ಲಿ ಅಕ್ಷರಗಳ ಗುರುತು. ಯಾವ ಅಕ್ಷರದ ಬಳಿ ಯಾವ ನಡೆ, ಯಾವ ತಿರುವು, ಎಲ್ಲಿ ನಿಲುಗಡೆ ಎಂಬುದು ಮೊದಲೇ ನಿಗದಿಯಾಗಿರುತ್ತದೆ. ಪ್ರತಿ ಚಲನೆಗೂ ಸೊನ್ನೆಯಿಂದ ಹತ್ತರವರೆಗೆ ಅಂಕ. ಇಲ್ಲಿ ಓಟದ ವೇಗಕ್ಕೆ ಬೆಲೆಯಿಲ್ಲ, ಬೇಲಿ ಹಾರುವ ಸಾಹಸಕ್ಕೂ ಸ್ಥಾನವಿಲ್ಲ. ಸವಾರನ ಸೊಂಟದ ಅಲುಗು, ಕಾಲಿನ ಮೃದುವಾದ ಒತ್ತು, ಲಗಾಮಿನ ಒಂದು ಬೆರಳಿನ ಬಿಗಿ, ಇವಿಷ್ಟರಿಂದ ಕುದುರೆ ಅವನ ಮನಸ್ಸನ್ನು ಅರಿಯಬೇಕು. ನೋಡುವವರಿಗೆ ಆ ಸಂಜ್ಞೆ ಕಾಣಲೇಬಾರದು. ಕಂಡಷ್ಟೂ ಕಲಿಕೆ ಕಡಿಮೆ ಎಂದು ಲೆಕ್ಕ.

ಸಂಗೀತದ ಮನೆಗಳಲ್ಲಿ ಬೆಳೆದ ನಮ್ಮವರಿಗೆ ಇದು ಬೇಗ ಹಿಡಿಸಬಹುದು. ಕುದುರೆಯ ನಡಿಗೆಯಲ್ಲಿ ನಾಲ್ಕು ಪೆಟ್ಟು, ದುಡುಕಿನಲ್ಲಿ ಎರಡು, ಜಿಗಿತದ ಓಟದಲ್ಲಿ ಮೂರು. ಚತುರಶ್ರವೂ ತಿಶ್ರವೂ ಗೊರಸಿನಲ್ಲೇ ಇವೆ. ಡ್ರೆಸ್ಸೇಜ್ ಕಲಿಸುವವರು ಹಾಕಿಕೊಂಡಿರುವ ಮೆಟ್ಟಿಲುಗಳಲ್ಲಿ ಮೊದಲನೆಯದೂ ಲಯವೇ. ಲಯ ನಿಂತ ಮೇಲೆ ಮೈಯ ಸಡಿಲ, ಆಮೇಲೆ ಕಡಿವಾಣದೊಡನೆ ಹಗುರವಾದ ಸಂಪರ್ಕ, ಆಮೇಲೆ ಹುರುಪು, ನೇರ, ಕಟ್ಟಕಡೆಗೆ ಮೈಯನ್ನು ಒಗ್ಗೂಡಿಸಿಕೊಳ್ಳುವ ಶಕ್ತಿ. ಈ ಆರು ಮೆಟ್ಟಿಲುಗಳನ್ನು ಹತ್ತಲು ವರ್ಷಗಳೇ ಬೇಕು. ಮೂರು ದಿನಗಳ ಶಿಬಿರದಲ್ಲಿ ಮೊದಲ ಮೆಟ್ಟಿಲು ಎಲ್ಲಿದೆ ಎಂದು ತಿಳಿದರೆ ಅದೇ ಲಾಭ.

ಇದು ಪರದೇಶದ ವಿದ್ಯೆ ಎಂದು ಮೂಗು ಮುರಿಯುವವರು ನಮ್ಮ ಕಾವ್ಯಗಳನ್ನೇ ನೆನೆಯಬೇಕು. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂದು ನಾವು ಆಡಿಕೊಳ್ಳುತ್ತೇವೆ. ಅಂದು ಉತ್ತರಕುಮಾರನಲ್ಲಿ ರಥವಿತ್ತು, ಬಿಲ್ಲಿತ್ತು, ಬಾಯಿತ್ತು. ಕುದುರೆಯ ವಾಘೆ ಹಿಡಿದ ಕೈ ಮಾತ್ರ ಬೃಹನ್ನಳೆಯದು. ಇನ್ನು ನಳನ ಕಥೆ. ಕನಕದಾಸರ ‘ನಳಚರಿತ್ರೆ’ಯನ್ನು ಓದಿದವರಿಗೆ ಬಾಹುಕ ಗೊತ್ತು, ಉಣ್ಣಾಯಿ ವಾರಿಯರ್ ಬರೆದ ‘ನಳಚರಿತಂ’ ಕಥಕಳಿಯನ್ನು ಕಂಡ ಮಲಯಾಳಿಗಳಿಗೂ ಅದೇ ಬಾಹುಕ ಗೊತ್ತು. ಋತುಪರ್ಣನ ಉತ್ತರೀಯ ಜಾರಿಬಿದ್ದು ಅವನು ರಥ ನಿಲ್ಲಿಸೆನ್ನುವಷ್ಟರಲ್ಲಿ ಅದು ಯೋಜನದಷ್ಟು ಹಿಂದೆ ಉಳಿದಿತ್ತಂತೆ. ಆ ವೇಗ ಚಾವಟಿಯಿಂದ ಬಂದದ್ದಲ್ಲ. ನಳನಿಗೆ ತಿಳಿದಿದ್ದ ವಿದ್ಯೆಯ ಹೆಸರೇ ಅಶ್ವಹೃದಯ. ರಾಜ್ಯ ಕಳೆದುಕೊಂಡು, ರೂಪ ಕಳೆದುಕೊಂಡು, ಪರರ ಮನೆಯಲ್ಲಿ ಚಾಕರಿಗೆ ನಿಂತವನ ಬಳಿ ಉಳಿದಿದ್ದ ಸೊತ್ತುಗಳಲ್ಲಿ ಅದೂ ಒಂದು. ಅದನ್ನು ಕೊಟ್ಟೇ ಅವನು ಋತುಪರ್ಣನಿಂದ ಅಕ್ಷಹೃದಯವನ್ನು ಪಡೆದ. ಕಥೆಯನ್ನು ಎರಡು ಭಾಷೆಗಳು ಹಂಚಿಕೊಂಡಿವೆ. ಅಶ್ವಹೃದಯದ ವಿದ್ಯೆಯನ್ನು ಮಾತ್ರ ನಾವಿಬ್ಬರೂ ಮರೆತಿದ್ದೇವೆ.

ಮರೆತದ್ದು ಸಣ್ಣದೇನಲ್ಲ. ಅಮರಕೋಶ ಕುದುರೆಯ ಐದು ಗತಿಗಳನ್ನು ಪಂಚಧಾರೆ ಎಂದು ಕರೆದು, ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ ಎಂದು ಒಂದೊಂದಕ್ಕೂ ಹೆಸರಿಟ್ಟಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ವಾಜಿವಾಹ್ಯಾಲಿ ಎಂಬ ಕುದುರೆಯಾಟಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟಿದ್ದಾನೆ. ನಮ್ಮ ಹಳೆಗನ್ನಡದ ವಾಹ್ಯಾಳಿ ಎಂಬ ಮಾತೂ ಅದೇ ಅಂಗಳದ್ದು. ಹೆಸರಿಟ್ಟವರು ನೋಡಿದವರೇ ಆಗಿರಬೇಕು. ನೋಡದವನಿಗೆ ಐದು ಗತಿಗಳೂ ಒಂದೇ ಓಟ.

ಕೇರಳದ ಕಡಲು ಕುದುರೆಗೆ ಅಪರಿಚಿತವಲ್ಲ. ಅರಬ್ಬಿ ನಾಡುಗಳ ಕುದುರೆಗಳು ಹಡಗೇರಿ ಈ ಪಶ್ಚಿಮ ತೀರಕ್ಕೆ ಬಂದಿಳಿಯುತ್ತಿದ್ದವು; ವಿಜಯನಗರದ ಅರಸರು ಅವುಗಳಿಗಾಗಿ ಹಣ ಸುರಿದರು. ಆಚೆಯ ತಮಿಳು ಕರಾವಳಿಯ ಬಗ್ಗೆ ಬರೆಯುತ್ತ ಮಾರ್ಕೊ ಪೋಲೋ ಹೇಳುವ ಸಂಗತಿ ಮನಸ್ಸನ್ನು ಕಲಕುತ್ತದೆ. ಅಲ್ಲಿನ ಅರಸರು ವರ್ಷವರ್ಷವೂ ಸಾವಿರಾರು ಕುದುರೆಗಳನ್ನು ಕೊಳ್ಳುತ್ತಿದ್ದರು. ಆರೈಕೆ ಬಲ್ಲವರು ಇಲ್ಲದ್ದರಿಂದ ಹೆಚ್ಚಿನವು ಸಾಯುತ್ತಿದ್ದವು. ಮಾರುವ ವರ್ತಕರಿಗೂ ಅದೇ ಬೇಕಾಗಿತ್ತು. ಪ್ರಾಣಿ ಬಂತು, ವಿದ್ಯೆ ಬರಲಿಲ್ಲ. ಹಣವಿದ್ದರೆ ಕುದುರೆ ಸಿಗುತ್ತದೆ, ಅಶ್ವಹೃದಯ ಸಿಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಕಟುವಾದ ಸಾಕ್ಷಿ ಬೇಕಿಲ್ಲ.

ಇನ್ನು ನಮ್ಮ ತಪ್ಪು. ಒಂದು ನವರಾತ್ರಿಯಲ್ಲಿ ನಾವು ಮಕ್ಕಳೊಡನೆ ತಿರುವನಂತಪುರಕ್ಕೆ ಹೋಗಿದ್ದೆವು. ಪದ್ಮನಾಭಸ್ವಾಮಿ ದೇವಾಲಯದ ಪಕ್ಕದಲ್ಲಿರುವ ಕುದಿರಮಾಳಿಗೆಯನ್ನು ಕಟ್ಟಿಸಿದವನು ಸ್ವಾತಿ ತಿರುನಾಳ್. ಹಲವು ಭಾಷೆಗಳ ಜೊತೆಗೆ ಕನ್ನಡದಲ್ಲೂ ಕೃತಿ ರಚಿಸಿದ ಅರಸ ಎಂಬ ಕಾರಣಕ್ಕೆ ನಮಗೆ ಅವನ ಮೇಲೆ ಒಂದು ಬಗೆಯ ಬಾಂಧವ್ಯ. ಆ ಅರಮನೆಯ ಸೂರಿನ ಕೆಳಗೆ 122 ಮರದ ಕುದುರೆಗಳು ಸಾಲಾಗಿ ನಗುತ್ತಿವೆ. ಮಕ್ಕಳು ಎಣಿಸಿ ಎಣಿಸಿ ದಣಿದರು, ಆಮೇಲೆ ನಿಜವಾದ ಕುದುರೆ ಬೇಕೆಂದರು. ಊರ ಹೊರಗೆ ಸವಾರಿ ಕಲಿಸುವ ಜಾಗವೊಂದಿದೆಯೆಂದು ಯಾರೋ ಹೇಳಿದರು. ನಡು ಹಗಲಿನಲ್ಲಿ ಅಲ್ಲಿಗೆ ಹೋದೆವು, ಮುಂಗಡ ಹಣ ಕಟ್ಟಿದೆವು.

ನಮ್ಮ ಗುಂಪಿನ ಹನ್ನೆರಡು ವರ್ಷದ ಹುಡುಗಿಯ ಸರದಿ ಬಂದಾಗ ಅವಳು ಹತ್ತಲು ಒಪ್ಪಲಿಲ್ಲ. ‘ಇದು ಕಿವಿ ಹಿಂದಕ್ಕೆ ಮಡಿಚಿಕೊಂಡಿದೆ, ಜೀನು ಮುಟ್ಟಿದರೆ ಬೆನ್ನು ತಗ್ಗಿಸುತ್ತಿದೆ’ ಎಂದಳು. ನಾವು ದೊಡ್ಡವರು ಏನು ಮಾಡಿದೆವು? ಹಣ ಕಟ್ಟಿದ್ದೇವೆ ಎಂದೆವು, ಅಂಜುಬುರುಕಿ ಎಂದೆವು, ಹಿಂದೆ ಸಾಲಿನಲ್ಲಿ ನಿಂತವರ ಮುಂದೆ ಮರ್ಯಾದೆ ಹೋಯಿತೆಂದೆವು. ಹುಡುಗಿ ಅತ್ತಳು, ಹತ್ತಲಿಲ್ಲ. ಆಗ ಲಗಾಮು ಹಿಡಿದು ನಿಂತಿದ್ದ ಆಳು ನಮ್ಮ ಮಾತು ಕೇಳಿ ಕನ್ನಡದಲ್ಲೇ ಹೇಳಿದ: ‘ಬೈಬ್ಯಾಡಿ ಸಾರ್. ಪಾಪ ಸರಿಯಾಗೇ ಹೇಳ್ತಾ ಐತೆ. ಬೆನ್ನಾಗೆ ಹುಣ್ಣಾಗೈತೆ ಇದಕ್ಕೆ. ನಾನು ಹೇಳಿದ್ರೆ ಯಾರ್ ಕೇಳ್ತಾರೆ?’ ಅವನು ಕುಣಿಗಲ್ ಕಡೆಯವನು. ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಊರಿನವನು ಪರನಾಡಿನಲ್ಲಿ ಕುದುರೆಯ ನೋವನ್ನು ಬಲ್ಲವನಾಗಿದ್ದೂ ಬಾಯಿ ಮುಚ್ಚಿಕೊಂಡು ನಿಂತಿದ್ದ. ಜೀನು ಬಿಚ್ಚಿಸಿ ನೋಡಿದೆವು. ಅವನ ಮಾತು ನಿಜವಾಗಿತ್ತು.

ಕಟ್ಟಿದ ಹಣ ಹಿಂದೆ ಬರಲಿಲ್ಲ. ಅದು ದೊಡ್ಡ ನಷ್ಟವೂ ಅಲ್ಲ. ಅವಳಿಗಿಂತ ಮೊದಲು ನಮ್ಮ ಇಬ್ಬರು ಮಕ್ಕಳು ಅದೇ ಬೆನ್ನಿನ ಮೇಲೆ ಎರಡೆರಡು ಸುತ್ತು ಹೋಗಿದ್ದರು, ನಾವು ಚಪ್ಪಾಳೆ ತಟ್ಟಿ ಫೋಟೋ ತೆಗೆದಿದ್ದೆವು. ಆ ಫೋಟೋಗಳನ್ನು ಇಂದಿಗೂ ನೆಮ್ಮದಿಯಿಂದ ನೋಡಲಾರೆವು.

ಆದ್ದರಿಂದಲೇ ನಮ್ಮ ವಾದ ಇಷ್ಟು. ಕುದುರೆಯ ಹತ್ತಿರ ಮಕ್ಕಳನ್ನು ಬಿಡುವುದಾದರೆ ಡ್ರೆಸ್ಸೇಜಿನಂಥ ವಿದ್ಯೆಯ ಮೂಲಕವೇ ಬಿಡಬೇಕು. ಹತ್ತು ನಿಮಿಷಕ್ಕೆ ಇಷ್ಟು ಎಂಬ ಬಾಡಿಗೆ ಸುತ್ತಿನ ಮೂಲಕ ಬಿಡಬಾರದು. ಬಾಡಿಗೆ ಸುತ್ತಿನಲ್ಲಿ ಕುದುರೆ ಒಂದು ವಾಹನ. ವಿದ್ಯೆಯಲ್ಲಿ ಅದು ಎದುರಿಗಿರುವ ಇನ್ನೊಂದು ಜೀವ. ಅದರ ಉತ್ತರಕ್ಕೆ ಕಾಯಬೇಕು. ಎರಡು ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಗ್ರೀಸಿನ ಕ್ಸೆನೊಫೋನ್ ಕುದುರೆ ಸವಾರಿಯ ಮೇಲೆ ಬರೆದ ಪುಸ್ತಕದಲ್ಲಿ, ಬಲವಂತದಿಂದ ಕುದುರೆಯಿಂದ ಮಾಡಿಸಿದ್ದರಲ್ಲಿ ಚೆಲುವಿಲ್ಲ, ನರ್ತಕನನ್ನು ಹೊಡೆದು ಕುಣಿಸಿದಂತೆ ಎಂಬರ್ಥದ ಮಾತಿದೆ. ಕಥಕಳಿಯ ನಾಡಿನಲ್ಲಿ ಇದನ್ನು ವಿವರಿಸಿ ಹೇಳಬೇಕಿಲ್ಲ.

ಶಿಬಿರಕ್ಕೆ ಹೆಸರು ಕೊಡುವ ಮುನ್ನ ನಾವು ಹೋಗಿ ಕೇಳಿದ ಪ್ರಶ್ನೆಗಳನ್ನು ಇತರ ಊರುಗಳ ಕನ್ನಡಿಗರಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತೇವೆ. ಕಲಿಸುವವರು ಎಲ್ಲಿ ಕಲಿತರು? ಒಂದು ಕುದುರೆ ದಿನಕ್ಕೆ ಎಷ್ಟು ಗಂಟೆ ಸವಾರರನ್ನು ಹೊರುತ್ತದೆ? ಸವಾರ ಮತ್ತು ಜೀನಿನ ಒಟ್ಟು ತೂಕ ಕುದುರೆಯ ತೂಕದ ಐದರಲ್ಲೊಂದು ಪಾಲನ್ನು ಮೀರಬಾರದೆಂಬುದು ಬಲ್ಲವರು ಸಾಮಾನ್ಯವಾಗಿ ಒಪ್ಪುವ ಲೆಕ್ಕ. ಅದನ್ನು ನೋಡಿ ಕುದುರೆ ಕೊಡುತ್ತಾರೆಯೇ? ಕೊಚ್ಚಿಯ ಬಿಸಿಲು ಮತ್ತು ಸೆಕೆಯಲ್ಲಿ ಪಾಠ ಬೆಳಗಿನ ತಂಪಿನಲ್ಲೇ ಮುಗಿಯುತ್ತದೆಯೇ? ತಲೆಗೆ ಹೆಲ್ಮೆಟ್ ಕಡ್ಡಾಯವೇ? ಪಶುವೈದ್ಯರು ಎಷ್ಟು ದೂರದಲ್ಲಿದ್ದಾರೆ? ಎಲ್ಲಕ್ಕಿಂತ ಮುಖ್ಯವಾಗಿ, ಮೊದಲ ದಿನ ಏನು ಕಲಿಸುತ್ತೀರಿ? ‘ಮೊದಲ ದಿನ ಹತ್ತಿಸುವುದಿಲ್ಲ, ಲಾಯ ಗುಡಿಸಬೇಕು, ಮೈಯುಜ್ಜಬೇಕು, ಗೊರಸು ಕೆರೆಯಬೇಕು, ಬೆನ್ನು ತಡವಿ ನೋಡಬೇಕು’ ಎಂಬ ಉತ್ತರ ಬಂದಾಗ ನಮ್ಮ ಮನಸ್ಸು ಹಗುರವಾಯಿತು. ಮೊದಲ ದಿನವೇ ಫೋಟೋ ಸಿಗುತ್ತದೆ ಎಂದು ಹೇಳುವ ಜಾಗದಿಂದ ಹಿಂದಿರುಗಿ ಬನ್ನಿ.

ಇದು ಸಿರಿವಂತರ ಆಟ ಎಂಬ ಆಕ್ಷೇಪಕ್ಕೆ ನಮ್ಮಲ್ಲಿ ಪೂರ್ಣ ಉತ್ತರವಿಲ್ಲ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಡ್ರೆಸ್ಸೇಜ್ ತಂಡ ಸ್ಪರ್ಧೆಯಲ್ಲಿ ಭಾರತ ಚಿನ್ನ ಗೆದ್ದಿತು. ಕುದುರೆ ಸವಾರಿಯಲ್ಲಿ ನಮಗೆ ಚಿನ್ನ ಬಂದದ್ದು 1982ರ ದೆಹಲಿ ಕೂಟದ ನಂತರ ಅದೇ ಮೊದಲು. ಆ ನಾಲ್ವರು ಎಳೆಯರು ಯುರೋಪಿನಲ್ಲಿ ವರ್ಷಗಟ್ಟಲೆ ತರಬೇತಿ ಪಡೆದವರು. ಅಷ್ಟು ವೆಚ್ಚವನ್ನು ಭರಿಸುವ ಮನೆಗಳು ಎಷ್ಟಿವೆ? ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಕೂಟದಲ್ಲಿ ಎರಡು ಬೆಳ್ಳಿ ಗೆದ್ದು ಟೋಕಿಯೊ ಒಲಿಂಪಿಕ್ಸಿಗೆ ಹೋದಾಗ ನಾವು ಹೆಮ್ಮೆಪಟ್ಟೆವು. ಆ ಹೆಮ್ಮೆಗೂ ನಮ್ಮ ಜೇಬಿಗೂ ದೂರ ಬಹಳ. ಆದರೆ ಪದಕವೊಂದೇ ಅಳತೆಯಲ್ಲ. ಮಲಪ್ಪುರಂ ಜಿಲ್ಲೆಯ ತಿರೂರಿನ ನಿದಾ ಅಂಜುಂ 2023ರಲ್ಲಿ ಫ್ರಾನ್ಸಿನಲ್ಲಿ ಕಿರಿಯರ ವಿಶ್ವ ಸಹಿಷ್ಣುತಾ ಸವಾರಿಯ 120 ಕಿಲೋಮೀಟರ್ ಹಾದಿಯನ್ನು ಪೂರೈಸಿದಳು. ಅಂಥ ಸ್ಪರ್ಧೆಯಲ್ಲಿ ನಡುನಡುವೆ ಪಶುವೈದ್ಯರು ಕುದುರೆಯನ್ನು ಪರೀಕ್ಷಿಸುತ್ತಾರೆ. ಕುದುರೆ ದಣಿದಿದ್ದರೆ ಸವಾರನ ಸ್ಪರ್ಧೆ ಅಲ್ಲಿಗೇ ಮುಗಿಯುತ್ತದೆ. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಪೋಲಿಯೊದಿಂದ ಕಾಲುಗಳ ಸ್ವಾಧೀನ ಕಳೆದುಕೊಂಡಿದ್ದರೂ, ಇತರರ ನೆರವಿನಿಂದ ಕುದುರೆಯೇರಿ, 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಪುರುಷರೊಡನೆ ಸ್ಪರ್ಧಿಸಿ ಡ್ರೆಸ್ಸೇಜ್ ಬೆಳ್ಳಿ ಗೆದ್ದಳು. ಒತ್ತಲು ಕಾಲಿಲ್ಲದವಳ ಮಾತನ್ನು ಕುದುರೆ ಹೇಗೆ ಕೇಳಿತು ಎಂದು ಯೋಚಿಸಿದರೆ ಈ ವಿದ್ಯೆಯ ತಿರುಳು ಕೈಗೆ ಸಿಗುತ್ತದೆ.

ವೆಚ್ಚದ ವಿಷಯದಲ್ಲಿ ನಾವು ಒಂದು ದಾರಿ ಮಾಡಿಕೊಂಡೆವು. ಮೂವರು ಮಕ್ಕಳ ಹೆಸರಿನ ಜೊತೆಗೆ ಕಟ್ಟಲಾರದ ನಾಲ್ಕನೆಯ ಮನೆಯ ಮಗುವಿನ ಹೆಸರನ್ನೂ ಕೂಟದ ಹಣದಿಂದ ಸೇರಿಸಿದೆವು. ಈ ವರ್ಷದ ವಾರ್ಷಿಕೋತ್ಸವಕ್ಕೆ ಶಾಮಿಯಾನ ಇರುವುದಿಲ್ಲ, ಅಷ್ಟೇ.

ಪರನಾಡಿನಲ್ಲಿ ಬಾಳುವ ನಮಗೆ ಈ ಪಾಠ ಹೊಸದೂ ಅಲ್ಲ. ಇಲ್ಲಿಗೆ ಬಂದ ಮೊದಲ ದಿನಗಳಲ್ಲಿ ಅಂಗಡಿಯಲ್ಲಿ, ಬಸ್ಸಿನಲ್ಲಿ ನಮ್ಮ ಭಾಷೆಯನ್ನೇ ಗಟ್ಟಿಯಾಗಿ ಆಡಿದರೆ ತಿಳಿದೀತೆಂದು ಭಾವಿಸಿದ್ದೆವು. ಗಟ್ಟಿ ದನಿ ಯಾರಿಗೂ ತಿಳಿಯಲಿಲ್ಲ. ಎದುರಿನವರ ಮುಖ ನೋಡಿ, ನಿಧಾನಿಸಿ, ಒಂದೊಂದೇ ಮಾತು ಕಲಿತ ಮೇಲೆ ಊರು ನಮ್ಮನ್ನು ಒಳಗೆ ಬಿಟ್ಟುಕೊಂಡಿತು.

ಅರ್ಜಿಯಲ್ಲಿ ‘ಹಿಂದಿನ ಅನುಭವ’ ಎಂಬ ಕಲಮು ಇತ್ತು. ಇಬ್ಬರು ಮಕ್ಕಳು ‘ಎರಡು ಸುತ್ತು ಸವಾರಿ’ ಎಂದು ಬರೆದರು. ಅಂದು ಅತ್ತ ಹುಡುಗಿ ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತಿದ್ದು, ‘ಒಂದು ಸಲ ಹತ್ತಲಿಲ್ಲ’ ಎಂದು ಬರೆದಳು. ಅದನ್ನು ತಿದ್ದುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ. ತಿದ್ದಬೇಕಾದ ಅಗತ್ಯವೂ ಇರಲಿಲ್ಲ.